ನಾಲಗೆಯ ಬಿಳಿ ಪೊರೆ, ಅರ್ಧ ಮದ್ದು
(ವರ್ತಕ ನಗರದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಪಾವಿನ ಹಿಟ್ಟು ಉಬ್ಬಿಸುವ ಯೀಸ್ಟು ನಮಗೆಲ್ಲ ಗೊತ್ತು. ಅದರ ದಾಯಾದಿ ಕ್ಯಾಂಡಿಡಾ. ಗಟ್ಟಿಮುಟ್ಟಾದ ಎಷ್ಟೋ ಜನರ ಬಾಯಲ್ಲೂ ಅದು ಸುಮ್ಮನೆ ಇರುತ್ತದೆ. ಸಕ್ಕರೆ ಕಾಯಿಲೆಯೋ ಆಂಟಿಬಯೋಟಿಕ್ ಗುಳಿಗೆಯೋ ಎಡೆಮಾಡಿಕೊಟ್ಟರೆ ನಾಲಗೆಯ ಮೇಲೆ ಬಿಳಿ ಪೊರೆ ಕಟ್ಟುತ್ತದೆ.

ಆಗ ನಾವು ಮಾಡುವುದೇನು? ವೈದ್ಯರಲ್ಲಿಗೆ ಹೋದರೆ ದಿನದ ಕೂಲಿ ಹೋದೀತೆಂದು ಅಂಗಡಿಯ ಫ್ಲುಕೊನಜೋಲ್ ಗುಳಿಗೆ ನುಂಗಿ, ಉರಿ ತಗ್ಗಿದೊಡನೆ ಬಿಡುತ್ತೇವೆ. ಹೋಟೆಲಿನಲ್ಲಿದ್ದಾಗ ನಾವೂ ಹಾಗೆಯೇ ಮಾಡಿದವರು. ಮದ್ದಿಗೆ ಬಗ್ಗುವ ಯೀಸ್ಟು ಬೆಳೆಯದೆ ಕುಗ್ಗುತ್ತದೆ. ಬಗ್ಗದ್ದು ಉಳಿದು ಬೆಳೆಯುತ್ತದೆ, ರೋಗವಿಲ್ಲದವನ ಬಾಯಲ್ಲೂ ಅಡಗಿರುತ್ತದೆ. ನಾಳೆ ಅವನು ಹಾಸಿಗೆ ಹಿಡಿದಾಗ ಅದೇ ಗುಳಿಗೆ ನಾಟದು.

ಆದುದರಿಂದ ಪೊರೆ ಕಂಡರೆ ಇ.ಎಸ್.ಐ. ದವಾಖಾನೆಗೆ ಹೋಗೋಣ, ಸಕ್ಕರೆ ಪರೀಕ್ಷೆ ಮಾಡಿಸೋಣ, ಹೇಳಿದಷ್ಟು ದಿನ ಮದ್ದು ಮುಗಿಸೋಣ. ಅದಕ್ಕೆ ಕೂಲಿ ಸಹಿತ ಅರ್ಧ ದಿನದ ರಜೆಯನ್ನು ಮಾಲೀಕರಲ್ಲಿ ಒಟ್ಟಾಗಿ ಕೇಳೋಣ.