ಸಣ್ಣ ವ್ಯಾಪಾರದಲ್ಲಿ ಕಾಯಕ ತತ್ವ

(ಮೈಸೂರು ನಗರದಲ್ಲಿ ಸೇರಿದ್ದ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಬೇಸಾಯದ ಜೊತೆಗೆ ಒಂದು ಉಪಕಸುಬು ಇರಬೇಕೆಂಬುದನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ನಿಮ್ಮಲ್ಲಿ ಕೆಲವರು ಡೇರಿಗೆ ಹಾಲು ಹಾಕುತ್ತೀರಿ, ಕೆಲವರು ಊರಿನಲ್ಲೇ ಚಿಲ್ಲರೆ ಅಂಗಡಿ ಇಟ್ಟಿದ್ದೀರಿ, ಕೆಲವರು ತರಕಾರಿ, ಹೂವು, ವೀಳ್ಯದೆಲೆಗಳನ್ನು ಮೈಸೂರಿನ ದೇವರಾಜ ಮಾರುಕಟ್ಟೆಗೆ ತರುತ್ತೀರಿ. ಇನ್ನು ಕೆಲವರು ಎಣ್ಣೆಗಾಣವನ್ನೋ ಹಿಟ್ಟಿನ ಗಿರಣಿಯನ್ನೋ ಹಾಕಬೇಕೆಂದು ಯೋಚಿಸುತ್ತಿದ್ದೀರಿ. ಬಂಡವಾಳ ಎಲ್ಲಿಂದ ತರುವುದು ಎಂದು ನೀವೆಲ್ಲ ಕೇಳುತ್ತೀರಿ. ಅದು ಕೇಳಬೇಕಾದ ಪ್ರಶ್ನೆಯೇ. ಆದರೆ ಇಂದು ನಾನು ಇನ್ನೊಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ನೀವು ನಂಬಿದ ತತ್ವಕ್ಕೂ ನೀವು ನಡೆಸುವ ವ್ಯಾಪಾರಕ್ಕೂ ಏನು ಸಂಬಂಧ?

‘ವ್ಯಾಪಾರಂ ದ್ರೋಹ ಚಿಂತನಂ’ ಎಂದು ಹೇಳಿ ನಕ್ಕುಬಿಡುವವರುಂಟು. ದೇವರು ಧರ್ಮಗಳೆಲ್ಲ ಗುಡಿಯಲ್ಲಿರಲಿ, ಅಂಗಡಿಯಲ್ಲಿ ಅವುಗಳ ಮಾತು ಬೇಡ ಎಂಬುದು ಅವರ ಅಭಿಪ್ರಾಯ. ನಮ್ಮ ನಾಡಿನ ಹಿರಿಯರು ಹಾಗೆ ತಿಳಿದಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ಕಲ್ಯಾಣದಲ್ಲಿ ಸೇರಿದ್ದ ಶರಣರು ಯಾರು? ಬಟ್ಟೆ ಮಡಿ ಮಾಡುತ್ತಿದ್ದ ಮಾಚಯ್ಯ, ದೋಣಿ ನಡೆಸುತ್ತಿದ್ದ ಚೌಡಯ್ಯ, ಬುಟ್ಟಿ ಹೆಣೆಯುತ್ತಿದ್ದ ಕೇತಯ್ಯ, ಹಗ್ಗ ಹೊಸೆಯುತ್ತಿದ್ದ ಚಂದಯ್ಯ. ಇವರೆಲ್ಲ ನಮ್ಮ ನಿಮ್ಮಂತೆ ಸಣ್ಣ ಕಸುಬಿನವರು. ತಮ್ಮ ಕಸುಬನ್ನು ಅವರು ಕಾಯಕವೆಂದರು. ಅದರಿಂದ ಬಂದದ್ದರಲ್ಲಿ ತಮಗೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಸಮಾಜಕ್ಕೆ ಸಲ್ಲಿಸುವುದನ್ನು ದಾಸೋಹವೆಂದರು.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ನಿಮಗೆ ಗೊತ್ತಿದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ. ಈ ಆಸೆ ನಮಗೆ ಸಲ್ಲದು, ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಈ ಕಥೆಯಲ್ಲಿ ನಾನು ನಿಮ್ಮ ಗಮನಕ್ಕೆ ತರುವುದು ಇಷ್ಟೇ. ಆ ಬಡವರ ಮನೆಯಲ್ಲಿ ತತ್ವವೆಂಬುದು ಬರೀ ಮಾತಾಗಿರಲಿಲ್ಲ, ಅದಕ್ಕೊಂದು ಅಳತೆಯಿತ್ತು. ನಮಗೆ ಇಷ್ಟು ಬೇಕು, ಇದಕ್ಕಿಂತ ಹೆಚ್ಚಿನದು ನಮ್ಮದಲ್ಲ ಎಂಬುದನ್ನು ಲಕ್ಕಮ್ಮ ಅಕ್ಕಿ ನೋಡಿಯೇ ಹೇಳಬಲ್ಲವಳಾಗಿದ್ದಳು. ‘ಕಾಯಕವೇ ಕೈಲಾಸ’ ಎಂಬ ಬೋರ್ಡನ್ನು ಗೋಡೆಗೆ ತೂಗುಹಾಕಿದ ಅಂಗಡಿಗಳು ಎಷ್ಟೋ ಇವೆ. ಆ ಮಾತು ತಕ್ಕಡಿಗೆ, ಲೆಕ್ಕದ ಪುಸ್ತಕಕ್ಕೆ, ಆಳಿಗೆ ಕೊಡುವ ಕೂಲಿಗೆ, ಬರೆದುಕೊಳ್ಳುವ ಉದ್ದರಿಗೆ ಇಳಿದು ಬಂದರೆ ಮಾತ್ರ ಅದರಿಂದ ಪ್ರಯೋಜನ. ಈ ನಾಲ್ಕನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ತಕ್ಕಡಿ. ಒಬ್ಬ ಅಂಗಡಿಯವನು ದಿನಕ್ಕೆ 40 ಕಿಲೋ ಸಾಮಾನು ಮಾರುತ್ತಾನೆ, ಕಿಲೋಗೆ 20 ಗ್ರಾಂ ಕಡಿಮೆ ತೂಗುತ್ತಾನೆ ಎಂದಿಟ್ಟುಕೊಳ್ಳಿ. ದಿನಕ್ಕೆ 800 ಗ್ರಾಂ ಉಳಿಯಿತು. ಕಿಲೋಗೆ 50 ರೂಪಾಯಿಯಂತೆ ದಿನಕ್ಕೆ 40 ರೂಪಾಯಿ, ತಿಂಗಳಿಗೆ 1,200 ರೂಪಾಯಿ. ಇನ್ನು ತಿಂಗಳಿಗೆ 1,500 ರೂಪಾಯಿ ಸಾಮಾನು ಕೊಳ್ಳುವ ಒಂದು ಮನೆಯಿಂದ ಅವನಿಗೆ ನೂರಕ್ಕೆ ಹತ್ತರಂತೆ 150 ರೂಪಾಯಿ ಲಾಭವೆನ್ನಿ. ಇಂಥ ಎಂಟು ಮನೆಯವರು ಬೇರೆ ಅಂಗಡಿಗೆ ಹೋದರೆ ಕದ್ದದ್ದೆಲ್ಲ ಹೋಯಿತು. ಒಂಬತ್ತನೆಯ ಮನೆಯವರೂ ಹೋದರೆ ನಷ್ಟವೇ. ಹಳ್ಳಿಯಲ್ಲಿ ಒಂದು ಮನೆಗೆ ತಿಳಿದದ್ದು ಒಂಬತ್ತು ಮನೆಗೆ ಮುಟ್ಟಲು ಎಷ್ಟು ಹೊತ್ತು ಬೇಕು?

ಆದರೆ ಯಾರಿಗೂ ತಿಳಿಯದಿದ್ದರೆ ಏನು ಮಾಡುತ್ತೀರಿ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ಪ್ರಾಮಾಣಿಕತೆಯಿಂದ ಯಾವಾಗಲೂ ಹೆಚ್ಚು ಹಣ ಬರುತ್ತದೆಂದು ಹೇಳಿದರೆ ನಾನು ಸುಳ್ಳು ಹೇಳಿದಂತೆ. ಗಿರಾಕಿಯ ಕಣ್ಣಿಗೆ ಬೀಳದ ಮೋಸ ಕೆಲವೊಮ್ಮೆ ದಕ್ಕಿಬಿಡುತ್ತದೆ. ಲಾಭದ ಲೆಕ್ಕವು ನಮ್ಮನ್ನು ಕಾಯುವುದು ಯಾರಾದರೂ ನೋಡುತ್ತಿರುವ ತನಕ ಮಾತ್ರ. ಯಾರೂ ನೋಡದಿರುವಾಗ ತತ್ವವೇ ಕಾಯಬೇಕು. ಲಕ್ಕಮ್ಮನ ಮನೆಗೆ ಅಕ್ಕಿ ಬಂದಾಗ ಅಲ್ಲಿ ತನಿಖೆ ಮಾಡುವ ಅಧಿಕಾರಿ ಯಾರೂ ಇರಲಿಲ್ಲ.

ಇದಕ್ಕೆ ನಮ್ಮ ಮೈಸೂರಿನದೇ ಒಂದು ನಿದರ್ಶನ ಕೊಡುತ್ತೇನೆ. ಎನ್. ರಂಗರಾವ್ ಎಂಬವರು 1948ರಲ್ಲಿ ಈ ನಗರದಲ್ಲಿ ಊದುಬತ್ತಿಯ ಸಣ್ಣ ಉದ್ಯೋಗವನ್ನು ಆರಂಭಿಸಿದರು. 1954ರ ಸುಮಾರಿಗೆ ತಮ್ಮ ಊದುಬತ್ತಿಗೆ ‘ಸೈಕಲ್’ ಎಂಬ ಗುರುತನ್ನು ಇಟ್ಟರು. ಸೈಕಲ್ಲು ಆಗ ಸಾಮಾನ್ಯ ಜನರ ವಾಹನ. ಯಾವ ಭಾಷೆಯವರಾಗಲಿ, ಓದು ಬರಹ ಬಾರದವರಾಗಲಿ, ಚಿತ್ರ ನೋಡಿ ಗುರುತಿಸಬಹುದು. ಹೀಗೆ ಗುರುತು ನೋಡಿ ಕೊಳ್ಳುವ ಗಿರಾಕಿ ಕಟ್ಟಿನೊಳಗೆ ಮೂಗಿಟ್ಟು ಪರೀಕ್ಷಿಸುವುದಿಲ್ಲ. ಕಳೆದ ಸಲ ಬಂದ ಪರಿಮಳವೇ ಈ ಸಲವೂ ಬರುವುದೆಂದು ನಂಬಿ ಹಣ ಕೊಡುತ್ತಾನೆ. ಆದ್ದರಿಂದ ವ್ಯಾಪಾರದ ಗುರುತೆಂಬುದು ಕೊಟ್ಟ ಮಾತಿಗೆ ಸಮಾನ.

‘ಮೈಸೂರು ಅಗರಬತ್ತಿ’ ಎಂಬ ಹೆಸರಿಗೆ 2005ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆಗಳಿಗೂ ಆ ಮನ್ನಣೆ ಇದೆ. ಇವು ಒಬ್ಬರ ಸ್ವತ್ತಲ್ಲ, ನೂರಾರು ಬೆಳೆಗಾರರು ಸೇರಿ ಗಳಿಸಿದ ಹೆಸರು. ವೀಳ್ಯದೆಲೆಯ ಕಟ್ಟಿನಲ್ಲಿ ಮೇಲೆ ಒಳ್ಳೆಯ ಎಲೆ ಇಟ್ಟು ಒಳಗೆ ಒಣಕಲು ಎಲೆ ಸೇರಿಸುವವನು ಒಬ್ಬ ಗಿರಾಕಿಗೆ ಮಾತ್ರ ಮೋಸ ಮಾಡುವುದಿಲ್ಲ, ಪಕ್ಕದ ತೋಟದವನ ಹೆಸರನ್ನೂ ಕೆಡಿಸುತ್ತಾನೆ.

ಎರಡನೆಯದು ಲೆಕ್ಕದ ಪುಸ್ತಕ. ಮನೆಯ ಹಣ, ಅಂಗಡಿಯ ಹಣ ಎರಡೂ ಒಂದೇ ಡಬ್ಬಿಯಲ್ಲಿದ್ದರೆ ವ್ಯಾಪಾರ ನಿಲ್ಲುವುದು ಕಷ್ಟ. ತಿಂಗಳಿಗೆ 30,000 ರೂಪಾಯಿ ವ್ಯಾಪಾರವಾಯಿತು ಎನ್ನಿ. ಮಾರಿದ ಸರಕಿನ ಬೆಲೆ 21,000, ಬಾಡಿಗೆ, ವಿದ್ಯುತ್ತು, ಸಾಗಾಣಿಕೆ 3,000. ಉಳಿದದ್ದು 6,000. ಮನೆಯ ಖರ್ಚಿಗೆ 8,000 ತೆಗೆದರೆ ತಿಂಗಳಿಗೆ 2,000ದಂತೆ ವರ್ಷಕ್ಕೆ 24,000 ರೂಪಾಯಿ ಬಂಡವಾಳ ಕರಗಿತು. ಇದು ಬಿತ್ತನೆಯ ರಾಗಿಯನ್ನು ಬೀಸಿ ಮುದ್ದೆ ಮಾಡಿ ಉಂಡಂತೆ. ಈಗ ಗಿರಾಕಿಗಳು ಮೊಬೈಲಿನಿಂದಲೇ ಹಣ ಕಳಿಸುತ್ತಾರೆ, ಕಾಸು ಕಣ್ಣಿಗೇ ಕಾಣುವುದಿಲ್ಲ. ಆದ್ದರಿಂದ ಅಂಗಡಿಗೆ ಬೇರೆ ಬ್ಯಾಂಕ್ ಖಾತೆ ಇಡಿ. ನಿಮ್ಮ ದುಡಿಮೆಗೂ ತಿಂಗಳಿಗೆ ಇಷ್ಟೆಂದು ಸಂಬಳ ಗೊತ್ತುಮಾಡಿ ಅಷ್ಟನ್ನೇ ತೆಗೆದುಕೊಳ್ಳಿ. ನಮಗೆ ಎಷ್ಟು ಬೇಕೆಂದು ಅಳೆಯುವ ಲಕ್ಕಮ್ಮನ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೂರನೆಯದು ಕೂಲಿ. ಊದುಬತ್ತಿಯ ವಿಷಯವನ್ನೇ ತೆಗೆದುಕೊಳ್ಳಿ. ಇದ್ದಿಲ ಪುಡಿಗೆ ಜಿಗಟಿನ ಪುಡಿ ಬೆರೆಸಿ ನೀರಿನಲ್ಲಿ ಕಲಸಿ ಬಿದಿರು ಕಡ್ಡಿಗೆ ಹೊಸೆಯುತ್ತಾರೆ, ಒಣಗಿಸಿ ಸುಗಂಧದಲ್ಲಿ ಅದ್ದುತ್ತಾರೆ. ಈಗ ಯಂತ್ರಗಳು ಬಂದು ಕೈಹೊಸೆತ ಕಡಿಮೆಯಾಗಿದೆ. ಆದರೂ ಈ ಉದ್ಯೋಗ ಬೆಳೆದದ್ದು ಮನೆಮನೆಯಲ್ಲಿ ಹೆಂಗಸರು ಸಾವಿರ ಕಡ್ಡಿಗೆ ಇಷ್ಟು ಎಂಬ ಕೂಲಿಗೆ ಹೊಸೆದದ್ದರಿಂದ. ಇಂಥ ಕೆಲಸ ಕೊಡುವವರು ಮೊದಲೇ ಒಂದು ಮಾದರಿ ತೋರಿಸಿ, ಹೀಗಿದ್ದರೆ ತೆಗೆದುಕೊಳ್ಳುತ್ತೇನೆ, ಹೀಗಿದ್ದರೆ ಇಲ್ಲ ಎಂದು ಒಪ್ಪಂದ ಮಾಡಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಹುಳುಕು ತೆಗೆದು ಕೂಲಿ ಮುರಿಯುವುದು ಕಡಿಮೆ ತೂಗಿದಂತೆಯೇ ಸರಿ. ಇನ್ನೊಂದು ಮಾತು. ಹಪ್ಪಳ, ಚಕ್ಕುಲಿ ಮಾಡಿ ಮಾರುವ ಮನೆಗಳಲ್ಲಿ ಮನೆಯಾಕೆಯ ದುಡಿಮೆಗೆ ಕೂಲಿಯನ್ನೇ ಬರೆಯುವುದಿಲ್ಲ. ಆಕೆಯ ಕೂಲಿಯನ್ನು ಖರ್ಚಿನಲ್ಲಿ ಬರೆದು ನೋಡಿ. ನೀವು ಲಾಭವೆಂದು ತಿಳಿದಿದ್ದರಲ್ಲಿ ಬಹುಪಾಲು ಆಕೆಯದೇ ಎಂಬುದು ಗೊತ್ತಾಗುತ್ತದೆ. ಕಾಯಕದಲ್ಲಿ ಮೇಲು ಕೀಳಿಲ್ಲವೆಂಬ ಮಾತು ಮೊದಲು ಸಲ್ಲಬೇಕಾದುದು ಮನೆಯೊಳಗೆ.

ನಾಲ್ಕನೆಯದು ಉದ್ದರಿ. ಇದು ಎಲ್ಲಕ್ಕಿಂತ ಕಷ್ಟದ್ದು. ಧರ್ಮಬುದ್ಧಿಯುಳ್ಳ ಎಷ್ಟೋ ಜನರ ಅಂಗಡಿ ಮುಚ್ಚಿದ್ದು ಮೋಸದಿಂದಲ್ಲ, ದಾಕ್ಷಿಣ್ಯದಿಂದ. ನೆಂಟರು, ನೆರೆಯವರು, ಒಕ್ಕಣೆಯಾದ ಮೇಲೆ ಕೊಡುತ್ತೇನೆ ಎನ್ನುವವರು, ಇವರಿಗೆಲ್ಲ ಇಲ್ಲವೆನ್ನುವುದು ಹೇಗೆ? ಇಲ್ಲಿ ಕಾಯಕವನ್ನೂ ದಾಸೋಹವನ್ನೂ ಬೇರೆ ಬೇರೆಯಾಗಿ ತಿಳಿಯಬೇಕು. ದಾಸೋಹವೆಂಬುದು ಉಳಿತಾಯದಿಂದ ಆಗಬೇಕೇ ಹೊರತು ಬಂಡವಾಳದಿಂದಲ್ಲ. ಬಂಡವಾಳವನ್ನೇ ಹಂಚಿಬಿಟ್ಟರೆ ನಾಳೆ ಕಾಯಕವೂ ಇಲ್ಲ, ದಾಸೋಹವೂ ಇಲ್ಲ. ಮುಂಗಾರು ಕೈಕೊಟ್ಟ ವರ್ಷ ಊರಿಗೆ ಆಸರೆಯಾಗಬೇಕಾದ ಅಂಗಡಿಯೇ ಇಲ್ಲವಾಗುತ್ತದೆ. ಆದ್ದರಿಂದ ಉಳಿತಾಯದಲ್ಲಿ ನೂರಕ್ಕೆ ಇಷ್ಟು ಎಂದು ಧರ್ಮಕ್ಕೆ ತೆಗೆದಿಡಿ. ಕಾಯಿಲೆ ಬಿದ್ದವರಿಗೆ, ಗತಿಯಿಲ್ಲದ ಮುದುಕಿಗೆ ಅದರಿಂದ ಕೊಡಿ, ತಿರುಗಿ ಕೇಳಬೇಡಿ. ಉಳಿದವರಿಗೆ ಕೊಟ್ಟದ್ದನ್ನು ಅವರ ಎದುರಿಗೇ ಬರೆದು ತೀರಿಸುವ ದಿನವನ್ನೂ ಬರೆಯಿರಿ. ಸಾಲವನ್ನು ಸಾಲವೆಂದೂ ದಾನವನ್ನು ದಾನವೆಂದೂ ಕರೆದರೆ ಸ್ನೇಹವೂ ಉಳಿಯುತ್ತದೆ, ಅಂಗಡಿಯೂ ಉಳಿಯುತ್ತದೆ. ರಂಗರಾವ್ ಅವರು ತೀರಿಕೊಂಡ ಮೇಲೆ, 1988ರಲ್ಲಿ, ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಕಣ್ಣು ಕಾಣದ ಹೆಣ್ಣುಮಕ್ಕಳಿಗಾಗಿ ಒಂದು ಶಾಲೆ ಆರಂಭವಾಯಿತು. ಉದ್ಯೋಗ ಗಟ್ಟಿಯಾಗಿ ನಿಂತಿದ್ದರಿಂದಲೇ ಅಂಥ ಕೆಲಸ ಸಾಧ್ಯವಾಯಿತೆಂಬುದನ್ನು ಗಮನಿಸಿ.

ಬಾಂಧವರೇ, ನಿಮ್ಮ ತತ್ವ ಬಸವಣ್ಣನವರದೇ ಆಗಬೇಕೆಂದು ನಾನು ಹೇಳುತ್ತಿಲ್ಲ. ಅವರವರ ನಂಬಿಕೆ ಅವರವರಿಗೆ. ಯಾವ ನಂಬಿಕೆಯೇ ಆಗಲಿ, ಅದನ್ನು ಅಳೆದು ನೋಡಬಹುದಾದ ಒಂದು ನಿಯಮವನ್ನಾಗಿ ಮಾಡಿಕೊಳ್ಳಿ. ತೂಕ ಇಷ್ಟು, ನನ್ನ ಸಂಬಳ ಇಷ್ಟು, ಆಳಿನ ಕೂಲಿ ಇಂಥ ದಿನ, ಧರ್ಮಕ್ಕೆ ಇಷ್ಟು ಎಂದು ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ ಬರೆಯಿರಿ. ಮನೆಯವರಿಗೆಲ್ಲ ಓದಿ ಹೇಳಿ. ತಿಂಗಳ ಕೊನೆಯಲ್ಲಿ ಆ ಹಾಳೆಯನ್ನೂ ಆ ತಿಂಗಳ ಲೆಕ್ಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ತಪ್ಪಿದ್ದರೆ ತಿದ್ದಿಕೊಳ್ಳಲು ಮುಂದಿನ ತಿಂಗಳಿದೆ. ಇಷ್ಟನ್ನು ಮಾಡಲು ಯಾವ ಸಾಲವೂ ಬೇಡ, ಯಾರ ಅಪ್ಪಣೆಯೂ ಬೇಡ. ಇಂದು ಸಂಜೆ ಊರಿಗೆ ಹೋದ ಕೂಡಲೇ ಆರಂಭಿಸಬಹುದು.