ಕುಂಡದ ಮರಕ್ಕೆ ಬೆಟ್ಟದ ಬೇರು ಬೇಡ



ಬೋನ್ಸಾಯ್ ಎಂಬ ಜಪಾನಿ ಪದಕ್ಕೆ ತಟ್ಟೆಯಲ್ಲಿ ನೆಟ್ಟ ಗಿಡ ಎಂದರ್ಥ. ಚೀನಾದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ಈ ಕಲೆ ಕರ್ನಾಟಕಕ್ಕೂ ಅಪರಿಚಿತವಲ್ಲ. ಮೈಸೂರಿನ ಅವಧೂತ ದತ್ತಪೀಠದಲ್ಲಿ ಇದಕ್ಕೆಂದೇ ಒಂದು ಉದ್ಯಾನವಿದೆ. ಅದನ್ನು ಕಂಡವರಿಗೆ ಮನೆಯಲ್ಲಿಯೂ ಒಂದನ್ನು ಬೆಳೆಸುವ ಆಸೆ ಮೂಡುವುದು ಸಹಜ. ಆದರೆ ಗಿಡವನ್ನು ತರುವುದು ಎಲ್ಲಿಂದ ಎಂಬುದೇ ಮೊದಲ ಪ್ರಶ್ನೆ.

ಜಗಳೂರಿನ ಗುಡ್ಡಗಳಲ್ಲಿ ಕುರಿ ಮೇಕೆಗಳ ಬಾಯಿಗೆ ಸಿಕ್ಕಿ, ಮಳೆಯಿಲ್ಲದೆ, ಕಲ್ಲಿನ ಸಂದಿಯಲ್ಲಿ ಕುಬ್ಜವಾಗಿ ನಿಂತ ಮರಗಳುಂಟು. ಅವನ್ನು ಅಗೆದರೆ ಸಿದ್ಧ ಬೋನ್ಸಾಯ್ ದೊರೆಯಿತೆಂದು ಭಾವಿಸುವವರಿದ್ದಾರೆ. ಬಂಡೆಯ ಬಿರುಕಿನಲ್ಲಿ ಆಳಕ್ಕಿಳಿದ ತಾಯಿಬೇರು ಕಡಿದ ಮೇಲೆ ಅಂಥ ಗಿಡ ಬದುಕುವುದು ಅಪರೂಪ. ಅದು ಹಿಡಿದಿಟ್ಟಿದ್ದ ಹಿಡಿಮಣ್ಣು ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ಕೊಂಡುಕುರಿಗಾಗಿ 2011ರಲ್ಲಿ ವನ್ಯಧಾಮವೆಂದು ಘೋಷಿತವಾದ ರಂಗಯ್ಯನದುರ್ಗದ ಅರಣ್ಯದಿಂದ ಹೀಗೆ ಕಿತ್ತು ತರುವುದಂತೂ ಅಪರಾಧವೇ ಸರಿ.

ಬೇರೆ ದಾರಿ ಊರೊಳಗೇ ಇದೆ. ಹಕ್ಕಿಗಳು ಹಣ್ಣು ತಿಂದು ಉದುರಿಸಿದ ಬೀಜದಿಂದ ಹಳೆಯ ಗೋಡೆ, ಬಾವಿಕಟ್ಟೆ, ತಾರಸಿಯ ಅಂಚುಗಳಲ್ಲಿ ಆಲ, ಅರಳಿ, ಬಸರಿ, ಅತ್ತಿಗಳು ಮೊಳೆಯುತ್ತವೆ. ಅಲ್ಲಿಯೇ ಬಿಟ್ಟರೆ ಗೋಡೆ ಬಿರಿಯುತ್ತದೆ. ಕಿತ್ತೆಸೆದರೆ ಸಸಿ ಸಾಯುತ್ತದೆ. ಮಳೆಗಾಲದ ಆರಂಭದಲ್ಲಿ ಬೇರುಸಹಿತ ಬಿಡಿಸಿ ಕುಂಡಕ್ಕಿಟ್ಟರೆ ಎರಡೂ ಉಳಿಯುತ್ತವೆ.

ಕುಂಡದ ತಳದಲ್ಲಿ ರಂಧ್ರವಿರಬೇಕು. ಸೂಳೆಕೆರೆಯ ಹೂಳು ಚನ್ನಗಿರಿಯ ಹೊಲಕ್ಕೆ ಹೊನ್ನು. ಆದರೆ ಕಿರುಗುಂಡದಲ್ಲಿ ಅದು ಗಟ್ಟಿಯಾಗಿ ಬೇರಿನ ಉಸಿರು ಕಟ್ಟಿಸುತ್ತದೆ. ಕೆಮ್ಮಣ್ಣು, ಜರಡಿ ಹಿಡಿದ ಗೊಬ್ಬರ ಹಾಗೂ ಹಂಚಿನ ಚೂರುಗಳನ್ನು ಸಮಪಾಲಿನಲ್ಲಿ ಬೆರೆಸಿದರೆ ಸಾಕು. ಇದಕ್ಕಾಗಿ ಹೊನ್ನಾಳಿಯ ತುಂಗಭದ್ರೆಯ ಮರಳನ್ನು ಬಗೆಯಬೇಕಿಲ್ಲ.

ಬೋನ್ಸಾಯ್ ಕೋಣೆಯೊಳಗಿನ ಅಲಂಕಾರವಲ್ಲ. ಅದಕ್ಕೆ ಬಿಸಿಲು, ಗಾಳಿ ಬೇಕು. ಬೆರಳನ್ನು ಮಣ್ಣಿಗಿಳಿಸಿ, ಮೇಲ್ಪದರ ಒಣಗಿದ್ದರೆ ನೀರುಣಿಸಬೇಕು. ಜಗಳೂರಿನ ಬೇಸಿಗೆಯಲ್ಲಿ ದಿನಕ್ಕೆರಡು ಬಾರಿ ಬೇಕಾದೀತು. ಮಲೆನಾಡಿನ ಸೆರಗಿನ ನ್ಯಾಮತಿಯ ಮಳೆಗಾಲದಲ್ಲಿ ನೀರು ನಿಲ್ಲದಂತೆ ಕಾಯುವುದೇ ಆರೈಕೆ. ಎರಡು ವರ್ಷಕ್ಕೊಮ್ಮೆ ಬೇರಿನ ಮೂರನೆಯ ಒಂದು ಭಾಗವನ್ನು ಕತ್ತರಿಸಿ ಮಣ್ಣು ಬದಲಿಸಬೇಕು. ರೆಂಬೆಗೆ ಸುತ್ತಿದ ತಂತಿಯನ್ನು ತೊಗಟೆಗೆ ಕಚ್ಚುವ ಮುನ್ನವೇ ಬಿಡಿಸಬೇಕು.

ಮರವನ್ನು ಕುಬ್ಜಗೊಳಿಸುವುದು ಹಿಂಸೆಯಲ್ಲವೇ ಎಂದು ಕೇಳುವವರುಂಟು. ಉಪವಾಸ ಕೆಡವಿದರೆ ಹಿಂಸೆ ನಿಜ. ಆದರೆ ಬೋನ್ಸಾಯ್ ಚಿಕ್ಕದಾಗಿರುವುದು ಹಸಿವಿನಿಂದಲ್ಲ, ಸವರುವಿಕೆಯಿಂದ. ಅದಕ್ಕೂ ಹೊತ್ತಿಗೆ ನೀರು, ಗೊಬ್ಬರ ಸಲ್ಲಬೇಕು.

ಆದರೂ ಕುಂಡದ ಆಲ ದಾರಿಹೋಕನಿಗೆ ನೆರಳಾಗದು, ಹಕ್ಕಿಗೆ ಗೂಡಾಗದು. ರಸ್ತೆ ಅಗಲವಾದಂತೆ ಸಾಲುಮರಗಳು ಉರುಳುತ್ತಿರುವ ಈ ಕಾಲದಲ್ಲಿ ಅದು ಮರಕ್ಕೆ ಬದಲಿಯಲ್ಲ. ಆಲ, ಬಸರಿ, ಗೋಣಿಯ ಗೂಟ ನೆಟ್ಟು ಮರ ಮಾಡುವುದು ರೈತರಿಗೆ ತಿಳಿದ ವಿದ್ಯೆ. ಸವರಿದ ಬಲಿತ ಕಡ್ಡಿಯನ್ನು ಎಸೆಯದೆ ಮಳೆಗಾಲದಲ್ಲಿ ಚಿಗುರಿಸಿ, ಆಳೆತ್ತರವಾದಾಗ ಗೋಮಾಳದಲ್ಲೋ ಕೆರೆಯೇರಿಯಾಚೆಗಿನ ಬಯಲಲ್ಲೋ ನೆಟ್ಟು ಬೇಲಿ ಕಟ್ಟಲಿ. ಮನೆಯ ಕುಂಡಕ್ಕೊಂದು, ಊರಿನ ಬಯಲಿಗೊಂದು ಎಂಬ ನಿಯಮವನ್ನು ಶಾಲೆಗಳು ಕೈಗೊಂಡರೆ ಈ ಕಲೆ ಸಾರ್ಥಕವಾದೀತು.