ಹಳೆಯ ಕಿಟಕಿಯ ಜಾಗಕ್ಕೆ ಎಂಥ ಕಿಟಕಿ?

(ಯಲಬುರ್ಗಾ ತಾಲೂಕಿನ ಒಂದು ಗ್ರಾಮದಲ್ಲಿ ನಡೆದ ರೈತರು ಹಾಗೂ ರೈತ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ವಿಸ್ತರಣಾ ವಿಭಾಗದವರು ನಿಮ್ಮೂರಿಗೆ ಬಂದಾಗಲೆಲ್ಲ ಬೀಜೋಪಚಾರ, ಗೊಬ್ಬರ, ತೊಗರಿಯ ಕಾಯಿಕೊರಕ ಇಂಥವನ್ನೇ ಮಾತನಾಡಿ ಹೋಗುತ್ತಾರೆ. ಸಭೆ ಮುಗಿದು ಚಹಾ ಕುಡಿಯುವ ಹೊತ್ತಿಗೆ ಮಾತ್ರ ಹೆಣ್ಣುಮಕ್ಕಳು ಹತ್ತಿರ ಬಂದು ಬೇರೆಯದೇ ಪ್ರಶ್ನೆ ಕೇಳುತ್ತಾರೆ. "ಅಕ್ಕಾರ, ಕಿಡಕಿ ಬದಲು ಮಾಡ್ಸಾಕತ್ತೀವಿ, ಕಟ್ಟಿಗೀದು ಚಲೋನೋ ಅಲ್ಯುಮಿನಿಯಂದು ಚಲೋನೋ?" ಎಂದು. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಸೇರಿದೊಡನೆ ಮನೆ ದುರಸ್ತಿಗೆ ಕೈ ಹಾಕುವುದು ನಮ್ಮ ಕಡೆಯ ಪದ್ಧತಿ. ಒಮ್ಮೆ ಹಾಕಿದ ಕಿಟಕಿ ಇಪ್ಪತ್ತು ಮೂವತ್ತು ವರ್ಷ ಗೋಡೆಯಲ್ಲಿರುತ್ತದೆ. ಬೀಜ ಕೆಟ್ಟರೆ ಮುಂದಿನ ಹಂಗಾಮಿಗೆ ಬದಲಾಯಿಸಬಹುದು, ಕಿಟಕಿಯನ್ನು ಹಾಗೆ ಬದಲಾಯಿಸಲು ಬರುವುದಿಲ್ಲ. ಆದ್ದರಿಂದ ಇಂದು ಆ ವಿಷಯವನ್ನೇ ಹೇಳಬೇಕೆಂದು ಬಂದಿದ್ದೇನೆ.

ಮೊದಲು ನನ್ನ ತವರು ಮನೆಯಲ್ಲಿ ಆದ ತಪ್ಪನ್ನೇ ಹೇಳಿಬಿಡುತ್ತೇನೆ. ನಮ್ಮದು ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ಕಲ್ಲು ಮಣ್ಣಿನ ಎರಡೂವರೆ ಅಡಿ ದಪ್ಪದ ಗೋಡೆ, ತೊಲೆ ಜಂತಿ ಹಾಕಿದ ಮಣ್ಣಿನ ಮಾಳಿಗೆ, ಮುಂದೆ ದನಗಳ ಗ್ವಾದಲಿ, ನಾಲ್ಕು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಇಡೀ ಮನೆಗೆ ಮೊಳದುದ್ದದ ಎರಡು ಕಿಟಕಿ, ಮಾಳಿಗೆಯಲ್ಲಿ ಮೂರು ಬೆಳಕಿಂಡಿ. ನನ್ನ ತಮ್ಮ ಹತ್ತಿ ಮಾರಿದ ವರ್ಷ ಪಡಸಾಲೆಯ ಪಶ್ಚಿಮ ಗೋಡೆಯನ್ನು ಒಡೆಸಿ ಐದು ಅಡಿ ಅಗಲದ, ಸರಿಸುವ ಗಾಜಿನ ಕಿಟಕಿ ಹಾಕಿಸಿದ. ಇನ್ನು ಬೆಳಕು ಸಾಕಷ್ಟು ಬರುತ್ತದೆಯಲ್ಲ ಎಂದು, ಮಳೆ ಸೋರುತ್ತಿದ್ದ ಬೆಳಕಿಂಡಿಗಳನ್ನು ಕಲ್ಲುಹಾಸಿನಿಂದ ಮುಚ್ಚಿಸಿ ಮೇಲೆ ಮಣ್ಣು ಹಾಕಿಸಿದ. ಊರವರೆಲ್ಲ ಬಂದು ನೋಡಿ ಹೊಗಳಿದರು. ನಾನೂ ಹೊಗಳಿದೆ.

ಆ ಬೇಸಿಗೆಯಲ್ಲಿ ಹೋದಾಗ ಅವ್ವ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುತ್ತಿದ್ದಳು. ಮನೆಯಲ್ಲಿ ಗ್ಯಾಸ್ ಇತ್ತು, ಆದರೆ ಜೋಳದ ರೊಟ್ಟಿಗೆ ಅವಳಿಗೆ ಕಟ್ಟಿಗೆಯ ಉರಿಯೇ ಆಗಬೇಕು. ಬಿಸಿಲಲ್ಲಿ ಯಾಕೆ ಕುಳಿತೆ ಎಂದು ಕೇಳಿದೆ. "ಗಾಜಿನ ಕಿಡಕಿ ಚಂದ ಐತಿ ಬಿಡವಾ, ಆದ್ರ ಒಳಗ ಒಲಿ ಮುಂದ ಕುಂದ್ರಾಕ ಆಗವಲ್ದು, ಹೊಗಿ ಕಣ್ಣಾಗ ನಿಂದರತೈತಿ" ಎಂದಳು. ಹೊಗೆ ಮೇಲಕ್ಕೆ ಹೋಗುವ ದಾರಿಯನ್ನು ನಾವೇ ಮುಚ್ಚಿದ್ದೆವು. ಇತ್ತ ಪಡಸಾಲೆಯಲ್ಲಿ ಮಧ್ಯಾಹ್ನ ಮೂರರಿಂದ ಸಂಜೆ ಆರರವರೆಗೆ ಗಾಜಿನ ಮೂಲಕ ಬಿಸಿಲು ನೇರವಾಗಿ ನೆಲಕ್ಕೆ ಬಿದ್ದು, ರಾತ್ರಿ ಹತ್ತಾದರೂ ಹಾಸಿಗೆ ಬಿಸಿಯಾಗಿರುತ್ತಿತ್ತು. ಗೃಹವಿಜ್ಞಾನ ಓದಿದ ಮಗಳು ಮನೆಯಲ್ಲಿದ್ದೂ ಹೀಗಾಯಿತು. ಆ ಕಟ್ಟಿಗೆ ಹೊಗೆಯಿಂದ ಶ್ವಾಸಕೋಶಕ್ಕೂ ಕಣ್ಣಿಗೂ ಆಗುವ ಹಾನಿಯನ್ನು ನಾನೇ ಎಷ್ಟೋ ಸಭೆಗಳಲ್ಲಿ ಹೇಳಿದ್ದವಳು. ಮುಂದಿನ ವರ್ಷ ಅಡುಗೆಮನೆಯ ಬೆಳಕಿಂಡಿಯನ್ನು ತೆಗೆಸಿ, ಸುತ್ತ ಒಂದು ಅಡಿ ಎತ್ತರದ ಕಟ್ಟೆ ಕಟ್ಟಿಸಿ, ಅದರ ಮೇಲೆ ನಾಲ್ಕು ಕಾಲಿನ ತಗಡಿನ ಟೊಪ್ಪಿಗೆ ಇಡಿಸಿದೆವು. ಪಕ್ಕದಲ್ಲಿ ಗಾಳಿ ಹೊಗೆ ಆಡುತ್ತವೆ, ಮಳೆ ಒಳಗೆ ಬರುವುದಿಲ್ಲ. ಮಂಗಗಳ ಕಾಟಕ್ಕೆ ಕಬ್ಬಿಣದ ಜಾಳಿಗೆ ಕೂರಿಸಿದೆವು.

ಹಿರಿಯರು ಕಿಟಕಿಯನ್ನು ಚಿಕ್ಕದಾಗಿ ಇಟ್ಟದ್ದು ಕಳ್ಳರ ಭಯಕ್ಕೆ ಮಾತ್ರವಲ್ಲ. ದಪ್ಪ ಗೋಡೆ ಹಗಲು ಬಿಸಿಲನ್ನು ತಾನು ಹೀರಿಕೊಂಡು ಒಳಗೆ ಬಿಡುವುದಕ್ಕೆ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಕಿಟಕಿ ಚಿಕ್ಕದಿದ್ದರೆ ಏಪ್ರಿಲ್ ತಿಂಗಳ ಬಿಸಿಗಾಳಿ ಒಳಗೆ ನುಗ್ಗುವುದಿಲ್ಲ. ಬಿಸಿಯಾದ ಹವೆ ಮೇಲೇರಿ ಬೆಳಕಿಂಡಿಯಿಂದ ಹೊರಗೆ ಹೋಗುತ್ತದೆ. ಬಾದಾಮಿ ಚಾಲುಕ್ಯರ ಕಾಲದ ಐಹೊಳೆಯ ಲಾಡಖಾನ್ ಗುಡಿಯ ಗೋಡೆಯಲ್ಲಿರುವ ಕಲ್ಲಿನ ಜಾಲಂಧ್ರಗಳನ್ನು ನೋಡಿದವರಿಗೆ, ಬಿಸಿಲನ್ನು ತಡೆದು ಗಾಳಿ ಬೆಳಕನ್ನು ಮಾತ್ರ ಬಿಡುವ ವಿದ್ಯೆ ಈ ಸೀಮೆಗೆ ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ಹಾಗೆಂದು ಹಳೆಯ ಮನೆಯನ್ನು ಬರೀ ಹೊಗಳಿ ಕುಳಿತುಕೊಳ್ಳುವಂತೆಯೂ ಇಲ್ಲ. ಅಡುಗೆಮನೆ ಕತ್ತಲೆ, ಬಾಣಂತಿ ಮಲಗುವ ಕೋಣೆಗೆ ಗಾಳಿಯೇ ಇಲ್ಲ, ಮಕ್ಕಳು ಓದಲು ಹಗಲಲ್ಲೂ ದೀಪ ಹಾಕಬೇಕು. ಇವನ್ನು ಸರಿಪಡಿಸಲೇಬೇಕು.

ಎಷ್ಟು ದೊಡ್ಡ ಕಿಟಕಿ ಬೇಕು? ಒಣ ಸೆಕೆಯ ಪ್ರದೇಶದಲ್ಲಿ ಕೋಣೆಯ ನೆಲದ ಹತ್ತನೇ ಒಂದು ಭಾಗದಷ್ಟು, ತೇವದ ಸೆಕೆಯ ಪ್ರದೇಶದಲ್ಲಿ ಆರನೇ ಒಂದು ಭಾಗದಷ್ಟು ತೆರೆಯುವ ಜಾಗ ಇರಬೇಕೆಂಬುದು ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತಾ ಬಂದ ಲೆಕ್ಕ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆ ಎಂದರೆ 120 ಚದರ ಅಡಿ. ಯಲಬುರ್ಗಾ, ಕುಷ್ಟಗಿ ಕಡೆಗೆ ಅದಕ್ಕೆ 12 ಚದರ ಅಡಿ ಸಾಕು. ಇದನ್ನು ಒಂದೇ ಗೋಡೆಯಲ್ಲಿ ನಾಲ್ಕಕ್ಕೆ ಮೂರರ ಒಂದು ಕಿಟಕಿಯಾಗಿ ಇಡುವುದಕ್ಕಿಂತ, ಎದುರು ಬದುರು ಗೋಡೆಗಳಲ್ಲಿ ಎರಡಕ್ಕೆ ಮೂರರ ಎರಡು ಕಿಟಕಿ ಇಟ್ಟರೆ ಗಾಳಿ ಹಾದು ಹೋಗುತ್ತದೆ. ಒಂದು ಕಡೆಯಿಂದ ಬಂದ ಗಾಳಿಗೆ ಹೊರಹೋಗುವ ದಾರಿ ಇಲ್ಲದಿದ್ದರೆ ಎಷ್ಟು ದೊಡ್ಡ ಕಿಟಕಿ ಇದ್ದರೂ ಗಾಳಿ ಬಾಗಿಲಲ್ಲೇ ನಿಲ್ಲುತ್ತದೆ.

ಇಲ್ಲಿ ಸರಿಸುವ ಕಿಟಕಿಯ ದೋಷ ಬರುತ್ತದೆ. ಎರಡು ಗಾಜಿನ ಸರಿಸುವ ಕಿಟಕಿಯಲ್ಲಿ ಒಂದು ಯಾವಾಗಲೂ ಇನ್ನೊಂದರ ಹಿಂದೆ ನಿಲ್ಲುತ್ತದೆ, ಆದ್ದರಿಂದ ತೆರೆಯುವುದು ಅರ್ಧ ಮಾತ್ರ. ನೀವು ದುಡ್ಡು ಕೊಟ್ಟದ್ದು 12 ಚದರ ಅಡಿಗೆ, ಗಾಳಿ ಸಿಕ್ಕುವುದು ಆರಕ್ಕೆ. ಬಿಜಾಗರಿ ಹಾಕಿದ, ತೆರೆದು ಮುಚ್ಚುವ ಕದಗಳು ಪೂರ್ತಿ ತೆರೆಯುತ್ತವೆ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ ಸೂರ್ಯ ಮುಳುಗಿದ ಮೇಲೆ ತೆರೆಯುವ ನಮ್ಮ ಪದ್ಧತಿಗೆ ಅವೇ ಸರಿ. ಪಶ್ಚಿಮದ ಗೋಡೆಗಂತೂ ಗಾಜು ಬೇಡ, ಮರದ ಹಲಗೆಯ ಕದವೇ ಇರಲಿ. ದಕ್ಷಿಣದ ಕಿಟಕಿಗೆ ಒಂದೂವರೆ ಎರಡು ಅಡಿಯ ಛಜ್ಜಾ ಸಾಕು. ಪಶ್ಚಿಮದ ಬಿಸಿಲು ಸಂಜೆ ಓರೆಯಾಗಿ ಬರುವುದರಿಂದ ಅಲ್ಲಿ ಛಜ್ಜಾ ಏನೂ ತಡೆಯುವುದಿಲ್ಲ. ಹೊರಗೆ ತಟ್ಟಿ ಕಟ್ಟಬೇಕು, ಜಾಗವಿದ್ದರೆ ಬೇವಿನ ಗಿಡ ಹಚ್ಚಬೇಕು. ಒಳಗೆ ಪರದೆ ಹಾಕಿದರೆ ಸಾಲದೇ ಎಂದು ಕೇಳುತ್ತಾರೆ. ಗಾಜನ್ನು ದಾಟಿದ ಬಿಸಿಲು ಆಗಲೇ ಮನೆಯೊಳಗೆ ಬಂದಾಗಿದೆ, ಪರದೆ ಅದನ್ನು ಹೊರಗೆ ಕಳಿಸಲಾರದು.

ಇನ್ನು ಹಳೆಯ ಗೋಡೆಯನ್ನು ಒಡೆಯುವ ವಿಷಯ. ಇದನ್ನು ಗಂಡಸರು ಮನಸ್ಸಿಟ್ಟು ಕೇಳಬೇಕು. 2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆ ನಿಮಗೆಲ್ಲ ನೆನಪಿದೆ. ಎಷ್ಟು ಮಣ್ಣಿನ ಗೋಡೆಗಳು ಕುಸಿದವು, ಎಷ್ಟು ಜನ ನಿದ್ದೆಯಲ್ಲೇ ಹೋದರು. ಮಣ್ಣಿನ ಗಾರೆಯ ಗೋಡೆ ಒಣಗಿದ್ದಾಗ ಗಟ್ಟಿ, ನೆನೆದರೆ ಅದಕ್ಕೆ ಬಲವಿಲ್ಲ. ಅಂಥ ಗೋಡೆಯಲ್ಲಿ ದೊಡ್ಡ ರಂಧ್ರ ತೆಗೆದು ಮೇಲೆ ಸರಿಯಾದ ಲಿಂಟಲ್ ಇಡದೆ ಕಬ್ಬಿಣದ ಚೌಕಟ್ಟನ್ನು ತುರುಕಿದರೆ, ಮೇಲಿನ ಕಲ್ಲು ಮಣ್ಣಿನ ಭಾರವನ್ನೆಲ್ಲ ಆ ಚೌಕಟ್ಟು ಹೊರಬೇಕಾಗುತ್ತದೆ. ಚೌಕಟ್ಟು ಭಾರ ಹೊರುವುದಕ್ಕಲ್ಲ. ಮೊದಲು ಅದು ಬಾಗುತ್ತದೆ, ಕದ ಬಿಗಿಯಾಗುತ್ತದೆ, ಆಮೇಲೆ ಮೇಲಿನ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ನಿಮ್ಮ ಮನೆಯಲ್ಲಿ ಅಂಥ ಬಿರುಕು ಈಗಾಗಲೇ ಇದ್ದರೆ ಸುಣ್ಣ ಬಳಿದು ಮುಚ್ಚಬೇಡಿ, ಮಳೆಗಾಲಕ್ಕೆ ಮೊದಲು ಗೌಂಡಿಯನ್ನು ಕರೆಸಿ ತೋರಿಸಿ.

ಹೊಸ ರಂಧ್ರ ತೆಗೆಯುವುದಾದರೆ ಗೋಡೆಯ ಮೂಲೆಯಿಂದ ಕನಿಷ್ಠ ಎರಡು ಅಡಿ ಬಿಡಬೇಕು. ತೊಲೆಯ ತುದಿ ಗೋಡೆಯ ಮೇಲೆ ಕುಳಿತಿರುವ ಜಾಗದ ಕೆಳಗೆ ಎಂದೂ ಒಡೆಯಬಾರದು, ಅಂಕಣದ ನಡುವೆಯೇ ಇರಲಿ. ಒಡೆಯುವ ಮೊದಲು ಒಳಗಿನಿಂದ ತೊಲೆ ಜಂತಿಗಳಿಗೆ ಆಸರೆಯ ಕಂಬ ಕೊಡಬೇಕು. ಲಿಂಟಲ್ ಗೋಡೆಯ ಪೂರ್ತಿ ದಪ್ಪಕ್ಕೆ ಇದ್ದು, ಎರಡೂ ಕಡೆ ಒಂದೊಂದು ಅಡಿ ಗೋಡೆಯ ಮೇಲೆ ಕೂರಬೇಕು. ಅಷ್ಟು ಖರ್ಚು ಬೇಡವೆಂದರೆ ಇದ್ದ ರಂಧ್ರವನ್ನು ಅಗಲ ಮಾಡದೆ ಕೆಳಕ್ಕೆ ಇಳಿಸಿರಿ. ಮೇಲಿನ ಹಳೆಯ ಹಾಸುಗಲ್ಲು ಹಾಗೇ ಉಳಿಯುತ್ತದೆ, ಬೆಳಕು ಇಮ್ಮಡಿಯಾಗುತ್ತದೆ. ಇದು ನಾನು ಎಲ್ಲರಿಗೂ ಹೇಳುವ ಉಪಾಯ. ಚೌಕಟ್ಟಿನ ಸುತ್ತ ತೇಪೆ ಹಾಕುವಾಗ ಮಣ್ಣಿನ ಗೋಡೆಗೆ ಬರೀ ಸಿಮೆಂಟು ಮೆತ್ತಬೇಡಿ, ಅದು ಮಣ್ಣಿಗೆ ಅಂಟುವುದಿಲ್ಲ, ಬಿಲ್ಲೆಯಾಗಿ ಕಳಚಿ ಬೀಳುತ್ತದೆ. ಸುಣ್ಣದ ಗಾರೆಯೋ ಹುಲ್ಲು ಕಲಸಿ ಕೊಳೆಸಿದ ಮಣ್ಣೋ ಒಳ್ಳೆಯದು. ಕೆಲಸವೆಲ್ಲ ಯುಗಾದಿಯ ಆಸುಪಾಸಿನಲ್ಲಿ ಮುಗಿಯಲಿ.

ಯಾವ ವಸ್ತು ಎಂಬ ಪ್ರಶ್ನೆಗೆ ಈಗ ಬರೋಣ. ಮರಕ್ಕೆ ನನ್ನ ಒಲವು ಹೆಚ್ಚು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸಾಗವಾನಿ ಉತ್ತಮ, ಆದರೆ ಎಲ್ಲರ ಕೈಗೆಟಕುವುದಿಲ್ಲ. ಹೊಲದ ಬದುವಿನ ಬೇವಿನ ಮರವನ್ನು ಹುಳು ಸುಲಭವಾಗಿ ಮುಟ್ಟುವುದಿಲ್ಲ. ಜಾಲಿ ಗಟ್ಟಿ ಮರ, ಕಡಿದು ಕೆಲವು ತಿಂಗಳು ನೀರಿನಲ್ಲಿ ಮುಳುಗಿಸಿ, ಆಮೇಲೆ ನೆರಳಿನಲ್ಲಿ ಒಣಗಿಸುವ ಹಿರಿಯರ ಕ್ರಮ ಸರಿಯಾದದ್ದೇ. ಯಾವ ಮರವೇ ಆಗಲಿ ಹಸಿಯಾಗಿದ್ದಾಗ ಚೌಕಟ್ಟು ಮಾಡಿಸಿದರೆ ಮೊದಲ ಬೇಸಿಗೆಗೆ ಸೊಟ್ಟಗಾಗುತ್ತದೆ. ಬಡಿಗೇರರು ಕೆಟ್ಟವರೆಂದು ಬೈಯುತ್ತೇವೆ, ತಪ್ಪು ನಮ್ಮ ಅವಸರದ್ದು. ಗೋಡೆಗೆ ತಾಗುವ ಮೈಗೆ ಕೂರಿಸುವ ಮೊದಲೇ ಗೆದ್ದಲು ನಿರೋಧಕ ಹಚ್ಚಿಸಬೇಕು, ಆಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ. ಕಿನ್ನಾಳದ ಗೊಂಬೆಯ ಮರದಿಂದ ಕಿಟಕಿ ಆಗುತ್ತದೆಯೇ ಎಂದು ಒಬ್ಬರು ಕೇಳಿದ್ದರು. ಅದು ಹಗುರ ಮರ, ಗೊಂಬೆಗೇ ಇರಲಿ.

ಕುಷ್ಟಗಿ ಇಳಕಲ್ ಕಡೆಯವರಿಗೆ ಇನ್ನೊಂದು ಅನುಕೂಲವಿದೆ. ಕೆಂಪು ಗ್ರಾನೈಟ್ ಕೊಯ್ಯುವಲ್ಲಿ ಉಳಿಯುವ ಪಟ್ಟಿಗಳನ್ನು ಚೌಕಟ್ಟಿನ ಕೆಳಹಾಸಿಗೆ ಬಳಸಿದರೆ, ಮಳೆನೀರು ನಿಂತು ಕೊಳೆಯುವ ಭಾಗವೇ ಕಲ್ಲಿನದಾಗುತ್ತದೆ. ಹೊರಕ್ಕೆ ಸ್ವಲ್ಪ ಇಳಿಜಾರು ಇರಲಿ.

ಕಬ್ಬಿಣದ ಕಿಟಕಿ ಅಗ್ಗ ಮತ್ತು ಭದ್ರ. ತುಕ್ಕು ಹಿಡಿಯುವುದು ಕೆಳಗಿನ ಮೂಲೆಯಲ್ಲಿ. ವೆಲ್ಡಿಂಗ್ ಮಾಡಿದ ಜಾಗವನ್ನು ಉಜ್ಜಿ ಕೆಂಪು ಪ್ರೈಮರ್ ಹಚ್ಚಿದ್ದಾರೆಯೇ ಎಂದು ಬಣ್ಣ ಬಳಿಯುವ ಮೊದಲೇ ಕಣ್ಣಾರೆ ನೋಡಬೇಕು. ಅಲ್ಯುಮಿನಿಯಂ ತುಕ್ಕು ಹಿಡಿಯುವುದಿಲ್ಲ, ಆದರೆ ಬಿಸಿಲಿನ ಕಾವನ್ನು ಬೇಗ ಒಳಗೆ ದಾಟಿಸುತ್ತದೆ, ಹಸಿ ಸಿಮೆಂಟು ತಾಗಿದರೆ ಅದರ ಮೈ ತಿಂದು ಹೋಗುತ್ತದೆ. ಈಚೆಗೆ ಬಂದಿರುವ ಯುಪಿವಿಸಿ ಎಂಬ ಪ್ಲಾಸ್ಟಿಕ್ ಕಿಟಕಿಗೆ ಗೆದ್ದಲೂ ಇಲ್ಲ, ತುಕ್ಕೂ ಇಲ್ಲ, ಕಾವೂ ಕಡಿಮೆ. ಒಳಗೆ ಉಕ್ಕಿನ ಪಟ್ಟಿ ಇದೆಯೇ ಎಂದು ಕೇಳಿ ಕೊಳ್ಳಬೇಕು. ಕಳಪೆ ಮಾಲು ನಮ್ಮ ಬಿಸಿಲಿಗೆ ಹಳದಿಯಾಗಿ ಪೆಡಸಾಗುತ್ತದೆ.

ಗಂಗಾವತಿ, ಕಾರಟಗಿ ಕಡೆಯ ನೆಂಟರಿಗೆ ನೀವು ಈ ಮಾತನ್ನು ಹಾಗೇ ಒಪ್ಪಿಸಬೇಡಿ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ ಮನೆಯ ಬಾಗಿಲಿಗೇ ನೀರು ನಿಂತಿರುತ್ತದೆ, ಹವೆಯಲ್ಲಿ ತೇವ, ಸಂಜೆಯಾದರೆ ಸೊಳ್ಳೆ. ಭತ್ತದ ಗದ್ದೆಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯೇ ಮಕ್ಕಳಿಗೆ ಮೆದುಳು ಜ್ವರ ತರುವಂಥದ್ದು. ಅಲ್ಲಿ ಕಿಟಕಿ ದೊಡ್ಡದಿರಬೇಕು, ಜೊತೆಗೆ ಸೊಳ್ಳೆ ಜಾಲರಿ ಇರಲೇಬೇಕು. ಇಂಚಿಗೆ 16 ಕಣ್ಣಿಗಿಂತ ಕಡಿಮೆ ಇರುವ ಜಾಲರಿ ಕೊಳ್ಳಬೇಡಿ. ಜಾಲರಿ ಗಾಳಿಯನ್ನೂ ಸ್ವಲ್ಪ ತಡೆಯುತ್ತದೆ, ಆದ್ದರಿಂದಲೇ ಆರನೇ ಒಂದು ಭಾಗದ ಲೆಕ್ಕವನ್ನು ಕಡಿಮೆ ಮಾಡಬಾರದು. ಜಾಲರಿಯ ಕದ ಒಳಕ್ಕೂ ಹಲಗೆಯ ಕದ ಹೊರಕ್ಕೂ ತೆರೆಯುವಂತೆ ಬೇರೆ ಬೇರೆ ಇರಲಿ. ತಿಂಗಳಿಗೊಮ್ಮೆ ತೊಳೆಯದಿದ್ದರೆ ಧೂಳು ತುಂಬಿ ಅದು ಗೋಡೆಯೇ ಆಗುತ್ತದೆ. ಆ ತೇವಕ್ಕೆ ಸಾಧಾರಣ ಕಬ್ಬಿಣ ನಿಲ್ಲುವುದಿಲ್ಲ, ಅಲ್ಯುಮಿನಿಯಂ ಅಥವಾ ಯುಪಿವಿಸಿ ಅಲ್ಲಿ ತಕ್ಕದ್ದು.

ಕೊಪ್ಪಳದ ಬಳಿ ಗಿಣಿಗೇರಾ ಸುತ್ತಿನ ಹಳ್ಳಿಗಳವರ ತೊಂದರೆ ಬೇರೆ. ಕಾರ್ಖಾನೆಗಳ ಕಪ್ಪು ಧೂಳು ಬೆಳೆಯ ಮೇಲೂ ಕೂರುತ್ತದೆ, ಅನ್ನದ ತಟ್ಟೆಯ ಮೇಲೂ ಕೂರುತ್ತದೆ. ಕಿಟಕಿಯಿಂದ ಅದಕ್ಕೆ ಪೂರ್ತಿ ಪರಿಹಾರವಿಲ್ಲ, ಅದನ್ನು ಧೂಳು ಹುಟ್ಟುವಲ್ಲಿಯೇ ತಡೆಯಬೇಕು. ಅಲ್ಲಿಯವರೆಗೆ, ರಬ್ಬರ್ ಪಟ್ಟಿ ಇರುವ, ಬಿಜಾಗರಿಯ ಮೇಲೆ ಬಿಗಿಯಾಗಿ ಮುಚ್ಚುವ ಕದ ಸರಿಸುವ ಕಿಟಕಿಗಿಂತ ಕಡಿಮೆ ಧೂಳು ಬಿಡುತ್ತದೆ. ಚಿಮಣಿಗಳ ದಿಕ್ಕಿನ ಗೋಡೆಯಲ್ಲಿ ಹೊಸ ಕಿಟಕಿ ತೆಗೆಯದಿರುವುದು ಲೇಸು.

ಅಂಗಡಿಯಲ್ಲಿ ಚದರ ಅಡಿಗೆ ಇಂತಿಷ್ಟು ಎಂದು ದರ ಹೇಳುತ್ತಾರೆ. ಅದರಲ್ಲಿ ಜಾಲರಿ, ಸರಳು, ಚಿಲಕ, ಕೂರಿಸುವ ಕೂಲಿ ಸೇರಿದೆಯೇ, ಗಾಜು ನಾಲ್ಕು ಮಿಲಿಮೀಟರಿನದೋ ಐದರದೋ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಅಳತೆಯನ್ನು ರಂಧ್ರದ ಮೇಲೆ, ನಡುವೆ, ಕೆಳಗೆ ಮೂರು ಕಡೆ ಹಿಡಿಯಬೇಕು. ಹಳೆಯ ಗೋಡೆಯಲ್ಲಿ ಮೂರೂ ಒಂದೇ ಬರುವುದು ಅಪರೂಪ, ಅತಿ ಕಡಿಮೆ ಬಂದ ಅಳತೆಯನ್ನೇ ಕೊಡಿ. ತೆಗೆದ ಹಳೆಯ ಕದ, ಸರಳುಗಳನ್ನು ಗುಜರಿಗೆ ಹಾಕಬೇಡಿ. ನಮ್ಮ ಮನೆಯಲ್ಲಿ ಪಡಸಾಲೆಯಿಂದ ತೆಗೆದ ಹಳೆಯ ಮರದ ಕದಗಳು ಅಟ್ಟದ ಮೇಲೆ ಉಳಿದಿದ್ದವು. ಬೆಳಕಿಂಡಿ ತೆಗೆಸಿದ ವರ್ಷ ಅವನ್ನೇ ಅಡುಗೆಮನೆಯ ಪೂರ್ವದ ಗೋಡೆಯಲ್ಲಿ, ಒಲೆಯ ಎದುರಿಗೆ ಕೂರಿಸಿದೆವು.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಬಹುದು. ಮನೆ ಹತ್ತಿರವಿದ್ದವರು ಗೋಡೆಯನ್ನೇ ತೋರಿಸಿದರೆ ಇನ್ನೂ ಒಳ್ಳೆಯದು, ಸಂಜೆಯ ಬಸ್ಸಿನವರೆಗೆ ಇಲ್ಲೇ ಇರುತ್ತೇನೆ.